ಕಾಣದ ಬಿರುಕಿನ ಲೆಕ್ಕ

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋಗಿಬರುವವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಜೋಪಾನವಾಗಿ ಕಿತ್ತ ಕಾಯಿಗೂ ಕೊಂಬೆಯಿಂದ ನೆಲಕ್ಕೆ ಬಿದ್ದ ಕಾಯಿಗೂ ಹೊರನೋಟಕ್ಕೆ ಭೇದ ತೋರದಿರುವುದುಂಟು. ಸಿಪ್ಪೆ ನುಣುಪಾಗಿಯೇ ಇರುತ್ತದೆ. ನಾಲ್ಕು ದಿನ ಕಳೆದು ಕೊಯ್ದಾಗ ಮಾತ್ರ, ಪೆಟ್ಟು ತಗುಲಿದೆಡೆ ತಿರುಳು ಕೆಟ್ಟಿರುವುದು ಬಯಲಾಗುತ್ತದೆ. ಇಂದಿನ ವಿಮಾನಗಳ ರೆಕ್ಕೆ ಕಟ್ಟುವ ಎಂಜಿನಿಯರುಗಳ ಚಿಂತೆಯೂ ಇದೇ ಬಗೆಯದೆಂದರೆ ತಮಗೆ ಸೋಜಿಗವಾದೀತು.

ಈಗಿನ ಎಷ್ಟೋ ವಿಮಾನಗಳ ರೆಕ್ಕೆ ಬರಿಯ ಲೋಹದ್ದಲ್ಲ. ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾದ ಇಂಗಾಲದ ಎಳೆಗಳನ್ನು ಹಾಳೆಹಾಳೆಯಾಗಿ ಹಾಸಿ, ರಾಳದ ಅಂಟಿನಲ್ಲಿ ಕೂಡಿಸಿ, ಒತ್ತಿ ಕಾಯಿಸಿ ಗಟ್ಟಿಮಾಡಿದ ದ್ರವ್ಯ ಅದು. ಕಾಂಪೋಸಿಟ್ ಎಂದು ಅದಕ್ಕೆ ಹೆಸರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದೊಂದು ದ್ವಂದ್ವ ಸಮಾಸ. ತಾಮ್ರವೂ ತವರವೂ ಕರಗಿ ಕಂಚಾದಾಗ ಎರಡರ ಗುರುತೂ ಅಳಿಯುತ್ತದೆ. ‘ಕೆರೆಕಟ್ಟೆಗಳು’ ಎಂದಾಗಲಾದರೋ ಕೆರೆಯೂ ಉಂಟು, ಕಟ್ಟೆಯೂ ಉಂಟು. ಹಾಗೆಯೇ ಇಲ್ಲಿ ಎಳೆ ಎಳೆಯಾಗಿ, ಅಂಟು ಅಂಟಾಗಿ ಉಳಿದು ಭಾರವನ್ನು ಹಂಚಿಕೊಳ್ಳುತ್ತವೆ.

ಕೋಲಾರದ ಸೀಮೆಯವರಿಗೆ ಇದು ಹೊಸತಲ್ಲ. ನಮ್ಮ ರೇಷ್ಮೆಗೂಡು ಪ್ರಕೃತಿಯೇ ಮಾಡಿದ ಕಾಂಪೋಸಿಟ್. ಹುಳು ತನ್ನ ನೂಲನ್ನು ತನ್ನದೇ ಅಂಟಿನಿಂದ ಬೆಸೆದು ಗೂಡು ಕಟ್ಟುತ್ತದೆ. ಬಿಸಿನೀರಿನಲ್ಲಿ ಅಂಟು ಸಡಿಲಿದೊಡನೆ ನೂಲು ಬಿಚ್ಚಿಕೊಳ್ಳುತ್ತದೆ. ನೂಲು ಹರಿದಿಲ್ಲ, ಆದರೂ ಗೂಡು ಗೂಡಾಗಿ ಉಳಿಯಲಿಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು.

ಕೋಲಾರಕ್ಕೆ ಸಮೀಪದ ಬೆಂಗಳೂರಿನಲ್ಲೇ ಈ ವಿದ್ಯೆ ಬೆಳೆದಿದೆ. ಅಲ್ಲಿನ ಎನ್.ಎ.ಎಲ್. ಸಂಸ್ಥೆ ರೂಪಿಸಿದ ‘ಹಂಸ’ ಎಂಬ ಪುಟ್ಟ ತರಬೇತಿ ವಿಮಾನ ಇಂಥ ದ್ರವ್ಯದಿಂದಲೇ ಆಗಿ 1993ರಲ್ಲಿ ಹಾರಿತು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇದೇ ದ್ರವ್ಯ. ಹಗುರ, ಬಿಗಿ, ತುಕ್ಕಿನ ಭಯವಿಲ್ಲ.

ಹಾಗಾದರೆ ತೊಡಕೆಲ್ಲಿ? ಮಾಲೂರಿನ ಹೆಂಚು ಕೈಜಾರಿ ಬಿದ್ದರೆ ಒಮ್ಮೆಗೇ ಎರಡು ತುಂಡು. ಒಡೆದದ್ದು ಯಾರಿಗೂ ಕಾಣುತ್ತದೆ. ಕಾಂಪೋಸಿಟ್ ಹಾಗೆ ಒಡೆಯುವುದಿಲ್ಲ. ಸಾಮಾನ್ಯವಾಗಿ ಮೊದಲು ಎಳೆಗಳ ನಡುವಣ ಅಂಟಿನಲ್ಲಿ ಕೂದಲೆಳೆಯ ಬಿರುಕುಗಳೇಳುತ್ತವೆ. ಬಳಿಕ ಹಾಳೆ ಹಾಳೆಯನ್ನು ಬಿಟ್ಟುಕೊಳ್ಳುತ್ತದೆ. ಕಡೆಗೆ ಎಳೆಗಳೇ ತುಂಡಾಗುತ್ತವೆ. ರಿಪೇರಿಯವನ ಕೈಯಿಂದ ಸ್ಪ್ಯಾನರೊಂದು ರೆಕ್ಕೆಯ ಮೇಲೆ ಬಿದ್ದರೆ ಮೇಲೆ ಕಾಣುವುದು ಒಂದು ಚಿಕ್ಕ ತಗ್ಗು, ಅಥವಾ ಅದೂ ಇಲ್ಲ. ಒಳಗೆ ಪದರಗಳು ಅಗಲವಾಗಿ ಬಿಟ್ಟಿರಬಹುದು. ರಟ್ಟು ಕಟ್ಟಿ ಅಂಟಿಸಿದ ಕಾಗದದ ಕಟ್ಟನ್ನು ಅಂಚಿನಿಂದ ಒತ್ತಿ ನೋಡಿ, ಮಣಿಯದು. ಬಿಡಿ ಹಾಳೆಗಳನ್ನು ಒತ್ತಿ ನೋಡಿ, ಒಂದೊಂದೂ ಬಾಗಿಹೋಗುತ್ತದೆ. ಪದರ ಬಿಟ್ಟ ರೆಕ್ಕೆ ಒತ್ತಡಕ್ಕೆ ಸೋಲುವುದು ಹೀಗೆ.

ಕಾಣದುದನ್ನು ಅಳೆಯುವುದೆಂತು? 1958ರಲ್ಲಿ ರಷ್ಯದ ಕಚನೋವ್ ಎಂಬ ವಿದ್ವಾಂಸರು, ಕಾದ ಲೋಹ ಕಾಲಕ್ರಮದಲ್ಲಿ ಸೋಲುವುದನ್ನು ವಿವರಿಸಲು ಒಂದು ಸರಳ ಉಪಾಯ ಹೂಡಿದರು. ಹಾನಿಗೆ ಒಂದು ಅಂಕಿ ಕೊಟ್ಟರು. ಈಗಿನ ರೂಢಿಯಲ್ಲಿ ಏನೂ ಆಗದಿದ್ದರೆ 0, ಪೂರ್ತಿ ಮುರಿದರೆ 1. ನಾಲ್ವರು ಹೊತ್ತ ಪಲ್ಲಕ್ಕಿಯಿಂದ ಒಬ್ಬ ಸರಿದನೆನ್ನಿ. ಹಾನಿ ಕಾಲು ಪಾಲು. ಮಿಕ್ಕ ಮೂವರ ಹೆಗಲಿನ ಭಾರವಾದರೋ ಮೊದಲಿಗಿಂತ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಇನ್ನೊಬ್ಬ ಬೇಗ ದಣಿಯುವುದು ಅದರಿಂದಲೇ. ಹಾನಿ ಹಾನಿಯನ್ನು ಹೆರುತ್ತದೆ.

ಕಾಂಪೋಸಿಟ್‌ಗೆ ಒಂದೇ ಅಂಕಿ ಸಾಲದು. ಅಂಟಿನ ಬಿರುಕು ಎಳೆದಾಗ ತೆರೆಯುತ್ತದೆ, ಒತ್ತಿದಾಗ ಮುಚ್ಚಿಕೊಂಡು ಮತ್ತೆ ಭಾರ ಹೊರುತ್ತದೆ. ಆದಕಾರಣ 1980ರಲ್ಲಿ ಹಾಶಿನ್ ಎಂಬವರು ಎಳೆಗೆ ಬೇರೆ, ಅಂಟಿಗೆ ಬೇರೆ, ಎಳೆತಕ್ಕೆ ಬೇರೆ, ಒತ್ತಡಕ್ಕೆ ಬೇರೆ ಎಂದು ನಾಲ್ಕು ಖಾತೆ ತೆರೆದರು. ಇಂದು ಕಂಪ್ಯೂಟರು ರೆಕ್ಕೆಯನ್ನು ಸಾವಿರಾರು ಚಿಕ್ಕ ಮನೆಗಳಾಗಿ ವಿಂಗಡಿಸುತ್ತದೆ. ಭಾರವನ್ನು ಇಷ್ಟಿಷ್ಟೇ ಏರಿಸುತ್ತದೆ. ಯಾವ ಮನೆ ಸೋತಿತೋ ಅದರ ಬಲವನ್ನು ತಗ್ಗಿಸಿ, ನೆರೆಮನೆಗಳ ಹೊರೆಯನ್ನು ಮತ್ತೆ ಎಣಿಸುತ್ತದೆ. ಕಾಗದದ ಮೇಲಿನ ಈ ಲೆಕ್ಕವನ್ನು ನಿಜವಾದ ತುಂಡುಗಳನ್ನು ಮುರಿದು ತಾಳೆ ನೋಡದೆ ಯಾರೂ ನಂಬುವುದಿಲ್ಲ.

ಕಿವಿಯ ಸಾಕ್ಷ್ಯವೂ ಉಂಟು. ಮುಳಬಾಗಿಲಿನ ಕಡೆ ಬಂಡೆ ಸೀಳುವ ಕಲ್ಲುಕುಟಿಗ ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ, ಕಲ್ಲಿನೊಳಗಣ ಸೀಳನ್ನು ಹೇಳಬಲ್ಲ. ವಿಮಾನದ ರೆಕ್ಕೆಯನ್ನೂ ಹೀಗೆಯೇ ತಟ್ಟಿ ನೋಡುವ ಪದ್ಧತಿಯಿದೆ. ಪದರ ಬಿಟ್ಟ ಕಡೆ ದನಿ ಮಂಕಾಗುತ್ತದೆ. ಆದರೆ ಕೇಳಿದರೆ ಸಾಲದು, ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಗಾಲದ ಎಳೆಗಳಿಂದ ಒಡಲು ಕಟ್ಟಿದ್ದ ‘ಟೈಟಾನ್’ ಎಂಬ ಮುಳುಗುನೌಕೆಯಲ್ಲಿ 2022ರ ಜುಲೈನಲ್ಲಿ ದೊಡ್ಡದೊಂದು ಸದ್ದಾಯಿತು. ಅದರ ಉಪಕರಣಗಳು ಬದಲಾವಣೆಯನ್ನು ದಾಖಲಿಸಿದವು. ನೌಕೆಯನ್ನು ಮಾತ್ರ ಮತ್ತೆ ಕಡಲಿಗಿಳಿಸಿದರು. 2023ರ ಜೂನ್ 18ರಂದು ಅದು ಅಟ್ಲಾಂಟಿಕ್ ಸಾಗರದಾಳದಲ್ಲಿ ನುಚ್ಚುನೂರಾಗಿ ಐವರು ಮಡಿದರು.

ವಿಮಾನ ಕಟ್ಟುವವರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಕಣ್ಣಿಗೆ ಬೀಳದ ಪೆಟ್ಟು ರೆಕ್ಕೆಯಲ್ಲಿ ಇದ್ದೇ ಇದೆಯೆಂದು ಮೊದಲೇ ಭಾವಿಸಿ, ಆ ಪೆಟ್ಟಿನೊಡನೆಯೂ ಅದು ಪೂರ್ಣ ಭಾರವನ್ನು ಹೊರಬೇಕೆಂದು ವಿಧಿಸುತ್ತಾರೆ. ಮುಂದೊಮ್ಮೆ ತಾವು ವಿಮಾನವೇರಿ ಕಿಟಕಿಯಾಚೆ ರೆಕ್ಕೆ ತುಸು ಬಾಗುವುದನ್ನು ಕಂಡರೆ ಅಂಜಬೇಕಾಗಿಲ್ಲ. ಅದು ಬಾಗುವುದಷ್ಟೇ ಅಲ್ಲ, ಅದರೊಳಗೆ ಇರಬಹುದಾದ ಬಿರುಕು ಕೂಡ ಯಾರದೋ ಲೆಕ್ಕದ ಪುಸ್ತಕದಲ್ಲಿ ಆಗಲೇ ಸೇರಿರುತ್ತದೆ.