ಊರಿನ ಉದ್ಯಾನ: ಆಯವ್ಯಯಕ್ಕೆ ಮುನ್ನ ವರ್ತಕರ ದನಿ

ಪಟ್ಟಣವೊಂದರ ಏಳಿಗೆಯನ್ನು ಅಂಗಡಿ, ಕಾರ್ಖಾನೆಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು. ಅಲ್ಲಿ ದುಡಿಯುವವರ ಮಕ್ಕಳಿಗೆ ಆಟದ ಬಯಲು, ಹಿರಿಯರಿಗೆ ಸಂಜೆಯ ನೆರಳು ಉಂಟೇ ಎಂಬುದೂ ಅಷ್ಟೇ ಮುಖ್ಯ. 2011ರ ಜನಗಣತಿಯಂತೆ ಬಸವಕಲ್ಯಾಣದಲ್ಲಿ ಸುಮಾರು 70 ಸಾವಿರ, ಹುಮನಾಬಾದಿನಲ್ಲಿ ಸುಮಾರು 44 ಸಾವಿರ ಜನರಿದ್ದರು. ಕೋಟೆ, ತ್ರಿಪುರಾಂತಕೇಶ್ವರ ಕೆರೆ ಹಾಗೂ 108 ಅಡಿ ಎತ್ತರದ ಬಸವೇಶ್ವರ ಪ್ರತಿಮೆಯನ್ನು ನೋಡಬರುವ ಯಾತ್ರಿಕರು ಬಸವಕಲ್ಯಾಣದ ಪೇಟೆಗೂ ಗಿರಾಕಿಗಳೇ. ಹುಮನಾಬಾದಿಗೆ ಹೆದ್ದಾರಿಯ ಜೊತೆಗೆ 2017ರಲ್ಲಿ ಬೀದರ–ಕಲಬುರಗಿ ರೈಲು ಸಂಪರ್ಕವೂ ಒದಗಿತು. ಸಂಪರ್ಕ ಬೆಳೆದಂತೆ ನಿವೇಶನದ ಬೆಲೆ ಏರುತ್ತದೆ; ಬೆಲೆ ಏರಿದಂತೆ ಖಾಲಿ ಜಾಗದ ಮೇಲೆ ಕಣ್ಣು ಬೀಳುತ್ತದೆ.

ಕಾನೂನಿನ ರಕ್ಷಣೆ

ಉದ್ಯಾನ, ಆಟದ ಮೈದಾನಗಳು ಸಂವಿಧಾನದ 12ನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿವೆ. ಇವುಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಅಧಿನಿಯಮವಿದೆ. ಆದರೆ ಕೇಳುವವರಿಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ನೀಡಿದಾಗ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಮುದ್ದಪ್ಪ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆ ಹಂಚಿಕೆ ಸಲ್ಲದೆಂದೂ, ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆಯೆಂದೂ ತೀರ್ಪಿತ್ತಿತು.

ನಿರ್ವಹಣೆಯ ಲೆಕ್ಕ

ನ್ಯಾಯಾಲಯದ ಮೆಟ್ಟಿಲು ಕೊನೆಯ ದಾರಿ. ಪೌರಸಂಸ್ಥೆಯ ಆಯವ್ಯಯ ಸಿದ್ಧವಾಗುವ ಹೊತ್ತೇ ಮೊದಲ ದಾರಿ. ಆರ್ಥಿಕ ವರ್ಷ ಏಪ್ರಿಲ್ 1ರಂದು ಆರಂಭವಾಗುವುದರಿಂದ, ಸಲಹೆಗಳು ಅದಕ್ಕೆ ಹಲವು ವಾರಗಳ ಮೊದಲೇ ಲಿಖಿತವಾಗಿ ತಲುಪಬೇಕು. ಪೂರ್ವಭಾವಿ ಸಭೆ ಕರೆದಾಗ ವರ್ತಕರ ಕುರ್ಚಿ ಖಾಲಿ ಇರಬಾರದು.

ಮನವಿಯಲ್ಲಿ "ಉದ್ಯಾನ ಬೇಕು" ಎಂದಷ್ಟೇ ಬರೆದರೆ ಸಾಲದು. ಹಾದಿ, ಬೇಲಿ, ಜಾರುಬಂಡಿಗಳ ನಿರ್ಮಾಣ ಬಂಡವಾಳ ವೆಚ್ಚ. ನೀರು, ದೀಪ, ಶೌಚಾಲಯದ ಸ್ವಚ್ಛತೆ, ಮಾಲಿ ಮತ್ತು ಕಾವಲುಗಾರರ ಸಂಬಳ ಪ್ರತಿ ತಿಂಗಳ ವೆಚ್ಚ. ಮೊದಲನೆಯದಕ್ಕೆ ಅನುದಾನ ದೊರೆಯಬಹುದು. ಎರಡನೆಯದಕ್ಕೆ ಹಣ ಕಾದಿರಿಸದಿದ್ದರೆ ಉದ್ಘಾಟನೆಯ ಶಿಲಾಫಲಕವೊಂದೇ ಉಳಿಯುತ್ತದೆ. ಯಂತ್ರ ಕೊಂಡು ಎಣ್ಣೆಗೆ ಹಣವಿಡದ ಕಾರ್ಖಾನೆಯ ಪಾಡು ಅದು.

ಮಾಡಬೇಕಾದುದು

ಮೊದಲಿಗೆ, ಬಡಾವಣೆಗಳ ಅನುಮೋದಿತ ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗಗಳನ್ನು ಗುರುತಿಸಬೇಕು. ನಕ್ಷೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಅನಂತರ ಮಹಿಳೆಯರು, ಹಮಾಲರು, ಶಾಲಾ ಮಕ್ಕಳು, ಹಿರಿಯರು ಇವರ ಅಗತ್ಯಗಳನ್ನು ಕೇಳಿ ಪಟ್ಟಿ ಮಾಡಬೇಕು. ಹಗಲೆಲ್ಲ ಗಲ್ಲೆಯಲ್ಲಿ ಕೂರುವವರಿಗೆ ತಿಳಿಯದ ಕೊರತೆಗಳು ಅವರಿಗೆ ತಿಳಿದಿರುತ್ತವೆ. ಕಡೆಗೆ, ಯಾವುದಾದರೊಂದು ಉದ್ಯಾನದ ನಿರ್ವಹಣೆಗೆ ವರ್ತಕರು ಕೈಜೋಡಿಸುವುದಾದರೆ ಲಿಖಿತ ಒಪ್ಪಂದ, ಪ್ರತ್ಯೇಕ ಬ್ಯಾಂಕ್ ಖಾತೆ, ವಾರ್ಷಿಕ ಲೆಕ್ಕ ಪರಿಶೋಧನೆ ಇರತಕ್ಕದ್ದು.

ಕಳೆದ ಲಾಭವನ್ನು ಮುಂದಿನ ವರ್ಷ ಗಳಿಸಬಹುದು. ಕಟ್ಟಡವೆದ್ದ ಬಯಲು ಮರಳಿ ಬಯಲಾಗುವುದು ವಿರಳ. ಮುಂಬರುವ ಆಯವ್ಯಯಕ್ಕೆ ಮುನ್ನವೇ ಎರಡೂ ಪಟ್ಟಣಗಳ ವರ್ತಕ ಬಾಂಧವರು ಈ ದಿಸೆಯಲ್ಲಿ ಕಾರ್ಯೋನ್ಮುಖರಾಗುವುದು ಸೂಕ್ತ.