ಅಮೂರ್ತ ಚಿತ್ರದಲ್ಲಿ ವರ್ಣ ಮತ್ತು ಆಕೃತಿ

ಚಿತ್ರದಲ್ಲಿ ರೇಖೆಯು ಆಕೃತಿಯನ್ನು ನಿರ್ಮಿಸುತ್ತದೆ, ವರ್ಣವು ಅದನ್ನು ಅಲಂಕರಿಸುತ್ತದೆ ಎಂದು ಭಾವಿಸುವುದು ವಾಡಿಕೆ. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡ ಅಮೂರ್ತ ಅಭಿವ್ಯಕ್ತಿವಾದವು ಈ ಭಾವನೆಯನ್ನೇ ಪ್ರಶ್ನಿಸಿತು. ಜಾಕ್ಸನ್ ಪೊಲಾಕನ ರೇಖೆಯು ಯಾವ ವಸ್ತುವನ್ನೂ ಸುತ್ತುವರಿಯದೆ ಹರಿದಾಡುತ್ತದೆ. ಮಾರ್ಕ್ ರಾಥ್ಕೋನ (1903–1970) ಪ್ರೌಢ ಕೃತಿಗಳಲ್ಲಾದರೋ ರೇಖೆಯು ಬಹುಮಟ್ಟಿಗೆ ಮರೆಯಾಗಿ, ಒಂದು ಬಣ್ಣವು ಇನ್ನೊಂದನ್ನು ಸಂಧಿಸುವ ಮಸುಕಾದ ಅಂಚೇ ಆಕೃತಿಯಾಗುತ್ತದೆ. ತೆಳುವಾದ ಲೇಪಗಳ ಮೂಲಕ ಒಳಗಿನ ಬಣ್ಣವು ಹೊರಗೆ ಸುಳಿಯುವುದರಿಂದ, ಈ ಚಿತ್ರಗಳನ್ನು ಒಂದು ನೋಟದಲ್ಲಿ ಗ್ರಹಿಸುವುದು ಸಾಧ್ಯವಿಲ್ಲ. ಸಮೀಪದಲ್ಲಿ ನಿಂತು, ಕಣ್ಣು ಹೊಂದಿಕೊಳ್ಳುವವರೆಗೆ ಕಾದ ಸಹೃದಯನಿಗೆ ಮಾತ್ರ ಅವು ತೆರೆದುಕೊಳ್ಳುತ್ತವೆ.

ಹಾಗಾದರೆ ವರ್ಣವು ಅಳಿದ ಮೇಲೆ ಇಂತಹ ಚಿತ್ರದಲ್ಲಿ ಉಳಿಯುವುದೇನು? ಈ ಪ್ರಶ್ನೆ ಕೇವಲ ತರ್ಕದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೋಜನಶಾಲೆಯೊಂದಕ್ಕಾಗಿ ರಾಥ್ಕೋ ರಚಿಸಿದ ಐದು ಬೃಹತ್ ಕ್ಯಾನ್ವಾಸುಗಳನ್ನು 1964ರಲ್ಲಿ ಅಲ್ಲಿ ಪ್ರದರ್ಶನಕ್ಕೆ ಇಡಲಾಯಿತು. ಅವುಗಳ ಕಡುಗೆಂಪು ಹಿನ್ನೆಲೆಗೆ ಅವನು ಲಿಥಾಲ್ ರೆಡ್ ಎಂಬ ವರ್ಣದ್ರವ್ಯವನ್ನು ಅಲ್ಟ್ರಾಮರೀನ್ ನೀಲಿಯೊಡನೆ ಬೆರೆಸಿದ್ದನು. ದೊಡ್ಡ ಕಿಟಕಿಗಳಿಂದ ಬಿದ್ದ ಬಿಸಿಲಿಗೆ ಕೆಂಪು ಅಳಿಯಿತು, ನೀಲಿ ಉಳಿಯಿತು. 1979ರಲ್ಲಿ ಚಿತ್ರಗಳನ್ನು ಕೆಳಗಿಳಿಸಿ ಉಗ್ರಾಣಕ್ಕೆ ಸಾಗಿಸಬೇಕಾಯಿತು. ಆಕೃತಿಗಳ ಅಳತೆ ಎಳ್ಳಷ್ಟೂ ಬದಲಾಗಿರಲಿಲ್ಲ. ಆದರೂ ಹಿನ್ನೆಲೆಗೂ ಅವುಗಳಿಗೂ ಇದ್ದ ಸಂಬಂಧವು ಮುರಿದಿತ್ತು.

ವಾರ್ನಿಷ್ ಇಲ್ಲದ ಆ ಮೇಲ್ಮೈಗೆ ಹೊಸ ಬಣ್ಣ ಹಚ್ಚಿದರೆ ಅದನ್ನು ಮರಳಿ ತೆಗೆಯುವಂತಿರಲಿಲ್ಲ. ಆದಕಾರಣ ಸಂರಕ್ಷಕರು ಬೇರೆ ದಾರಿ ಹಿಡಿದರು. ಹಳೆಯ ಛಾಯಾಚಿತ್ರಗಳ ಮತ್ತು ಭೋಜನಶಾಲೆಯಲ್ಲಿ ತೂಗುಹಾಕದೆ ಉಳಿದಿದ್ದ ಆರನೆಯ ಕ್ಯಾನ್ವಾಸಿನ ಆಧಾರದಿಂದ ಮೊದಲಿನ ವರ್ಣವನ್ನು ನಿರ್ಧರಿಸಿ, ಪ್ರತಿಯೊಂದು ಬಿಂದುವಿನಲ್ಲಿಯೂ ನಷ್ಟವಾದಷ್ಟೇ ಬಣ್ಣವನ್ನು ಗಣಕಯಂತ್ರದಿಂದ ಲೆಕ್ಕಹಾಕಿ, ಪ್ರಕ್ಷೇಪಕದ ಬೆಳಕಾಗಿ ಚಿತ್ರದ ಮೇಲೆ ಹಾಯಿಸಿದರು. 2014ರಲ್ಲಿ ಆರಂಭವಾದ ಪ್ರದರ್ಶನದಲ್ಲಿ ದಿನವೂ ಸಂಜೆ 4 ಗಂಟೆಗೆ ಆ ಬೆಳಕನ್ನು ಆರಿಸಲಾಗುತ್ತಿತ್ತು.

ಆ ಗಳಿಗೆಯೇ ನಮ್ಮ ಪ್ರಶ್ನೆಗೆ ಉತ್ತರ. ಕ್ಯಾನ್ವಾಸು ಅದೇ, ಕುಂಚದ ಗುರುತುಗಳೂ ಅವೇ. ಆದರೆ ಪ್ರೇಕ್ಷಕನ ಮುಂದಿದ್ದ ಚಿತ್ರ ಬೇರೆ. ಇಂತಹ ಕೃತಿಗಳಲ್ಲಿ ವರ್ಣವು ಆಕೃತಿಯ ಉಡುಗೆಯಲ್ಲ, ಅದರ ಒಡಲು. ಆದ್ದರಿಂದ ಅಮೂರ್ತ ಚಿತ್ರದ ಮುಂದೆ ನಿಂತ ವಿದ್ಯಾರ್ಥಿಯು ‘ಇದು ಯಾವುದರ ಚಿತ್ರ?’ ಎಂದು ಕೇಳುವುದಕ್ಕೆ ಮುನ್ನ, ‘ಈ ಬಣ್ಣ ಇಲ್ಲಿಲ್ಲದಿದ್ದರೆ ಏನು ಉಳಿಯುತ್ತಿತ್ತು?’ ಎಂದು ಕೇಳಿಕೊಳ್ಳುವುದು ಲೇಸು.