ಒಂದೊಂದೇ ಕಣ್ಣಿನ ಪರೀಕ್ಷೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಶಾಲೆ ಬಿಟ್ಟ ಹೊತ್ತು. ಇಲ್ಲಿನ ಕಣ್ಣಿನ ಕ್ಲಿನಿಕ್ಕೊಂದರ ಬೆಂಚಿನ ಮೇಲೆ ಯೂನಿಫಾರಂ ತೊಟ್ಟ ಮಕ್ಕಳೇ ಹೆಚ್ಚು. ವೈದ್ಯರ ಒಪ್ಪಿಗೆ ಪಡೆದು ಒಳಗೆ ಹೋದೆ.

ಮೊದಲ ಕೋಣೆಯಲ್ಲಿ ಆರು ವರ್ಷದ ಹುಡುಗಿ. ‘ಟಿ.ವಿ. ಚೆನ್ನಾಗೇ ನೋಡ್ತಾಳ್ರಿ, ಶಾಲೇಲಿ ತೋರಿಸ್ರಿ ಅಂದ್ರು ಅಂತ ಬಂದೆ’ ಎಂದರು ತಾಯಿ. ಎಡಗಣ್ಣು ಮುಚ್ಚಿದಾಗ ಹುಡುಗಿ ಚಾರ್ಟಿನ ಕೊನೆಯ ಸಾಲಿನವರೆಗೂ ಓದಿದಳು. ಬಲಗಣ್ಣು ಮುಚ್ಚಿದಾಗ ಮೂರನೇ ಸಾಲಿಗೇ ನಿಂತಳು. ಬೆರಳ ಸಂದಿಯಿಂದ ಇಣುಕದಂತೆ ಕಣ್ಣಿಗೆ ಟೇಪು ಅಂಟಿಸಿದ್ದರು. ಅಕ್ಷರ ಬಾರದ ಪುಟಾಣಿಗಳಿಗೆ ಸೇಬು, ಮನೆ, ಚೌಕ, ವೃತ್ತಗಳ ಚಾರ್ಟೂ ಉಂಟು. ಅದನ್ನು ರೂಪಿಸಿದವರು ಫಿನ್‌ಲೆಂಡಿನ ವೈದ್ಯೆ ಲಿಯಾ ಹುವಾರಿನೆನ್.

ಮುಂದಿನದು ಹನಿ. ಮಕ್ಕಳ ಕಣ್ಣು ತಾನೇ ತಿಣುಕಿ ಪವರನ್ನು ಮರೆಮಾಚುವುದರಿಂದ, ಹನಿ ಹಾಕಿ ಕಣ್ಣಿನೊಳಗಿನ ಫೋಕಸ್ ಮಾಡುವ ಸ್ನಾಯುವಿಗೆ ವಿಶ್ರಾಂತಿ ಕೊಡುತ್ತಾರೆ. ಬಳಿಕ ಕತ್ತಲ ಕೋಣೆಯಲ್ಲಿ ರೆಟಿನೋಸ್ಕೋಪಿನ ಬೆಳಕಿನ ಪಟ್ಟಿಯನ್ನು ಆಡಿಸಿ, ಪಾಪೆಯೊಳಗಿನ ಹೊಳಪು ಸರಿಯುವ ದಿಕ್ಕು ನೋಡುತ್ತಾರೆ. ಮಗು ಬಾಯಿ ಬಿಡಬೇಕಿಲ್ಲ. ಈ ಹುಡುಗಿಯ ಎಡಗಣ್ಣಿನ ಕಾರ್ನಿಯಾ ಚೆಂಡಿನಂತೆ ಸಮವಾಗಿ ಬಾಗಿಲ್ಲ. ಒಂದು ದಿಕ್ಕಿನಲ್ಲಿ ಬಾಗು ಹೆಚ್ಚು. ಅದೇ ಅಸ್ಟಿಗ್ಮ್ಯಾಟಿಸಂ. ಮಸುಕು ಚಿತ್ರವನ್ನೇ ಪಡೆಯುತ್ತಿದ್ದ ಮೆದುಳು ಆ ಕಣ್ಣನ್ನು ಬದಿಗೊತ್ತಿದ್ದರಿಂದ ಅದು ಸೋಮಾರಿ ಕಣ್ಣಾಗಿದೆ. ಎರಡೂ ಕಣ್ಣು ತೆರೆದಿರುವಾಗ ಬಲಗಣ್ಣೇ ನೋಡುವ ಕೆಲಸವನ್ನೆಲ್ಲ ಮಾಡಿಬಿಡುತ್ತದೆ. ತಾಯಿಗೆ ತಿಳಿಯುವುದಾದರೂ ಹೇಗೆ?

ಪಕ್ಕದ ಅಂಗಡಿಯಲ್ಲಿ ಕನ್ನಡಕದ ಅಳತೆ. ಅಸ್ಟಿಗ್ಮ್ಯಾಟಿಸಂಗೆ ಕೊಡುವ ಸಿಲಿಂಡರ್ ಗಾಜಿಗೆ ಪವರ್ ಅಷ್ಟೇ ಅಲ್ಲ, ಕೂರಿಸುವ ಕೋನವೂ ಮುಖ್ಯ. ಫ್ರೇಮು ಸೊಟ್ಟಗಾದರೆ ಆ ಕೋನವೇ ತಪ್ಪುತ್ತದೆ. ಕೆಲವು ಮಕ್ಕಳಿಗೆ ಕನ್ನಡಕವೊಂದೇ ಸಾಕಾಗುತ್ತದೆ. ಉಳಿದವರ ಒಳ್ಳೆಯ ಕಣ್ಣಿಗೆ ಪಟ್ಟಿ.

ಹಾಗೆ ಪಟ್ಟಿ ಕಟ್ಟಿಕೊಂಡ ಹರಿಹರದ ಹುಡುಗನೊಬ್ಬ ಬೆಂಚಿನ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ. ‘ನೆಟ್ಟಗಿರೋ ಕಣ್ಣು ಯಾಕ್ ಮುಚ್ತೀರಿ ಅಂತ ನಮ್ಮವ್ವ ದಿನಾ ಜಗಳ ಮಾಡ್ತಾಳ್ರಿ’ ಎಂದರು ಅವನ ತಂದೆ. ಆ ಅಜ್ಜಿಗೆ ಹೇಳಬೇಕಾದ್ದು ಇಷ್ಟು: ಒಳ್ಳೆಯ ಕಣ್ಣು ಮುಚ್ಚಿದರೆ ಸೋಮಾರಿ ಕಣ್ಣು ಕೆಲಸಕ್ಕೆ ಇಳಿಯುತ್ತದೆ, ಅದೂ ದಿನಕ್ಕೆ ಕೆಲವೇ ತಾಸು. ಸಾಧಾರಣ ಪ್ರಮಾಣದ ಸೋಮಾರಿ ಕಣ್ಣಿಗೆ ಆರು ತಾಸಿನ ಪಟ್ಟಿಯಷ್ಟೇ ಫಲವನ್ನು ಎರಡು ತಾಸಿನದೂ ಕೊಟ್ಟಿತೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿದೆ. ಎಷ್ಟು ಹೊತ್ತು ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳ ತಪಾಸಣೆಗೆ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಊರಲ್ಲೇ ಇದೆ. ಏಳು ವರ್ಷದೊಳಗೆ ಚಿಕಿತ್ಸೆಗೆ ಕಣ್ಣು ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಮಕ್ಕಳಲ್ಲೂ ಸುಧಾರಣೆ ಸಾಧ್ಯ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ಮುನ್ನ ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ಒಮ್ಮೆ ಪರೀಕ್ಷೆ ಮಾಡಿಸಿ. ದೂರು ಹೇಳಲು ಮಗುವಿಗೆ ತಿಳಿಯದು, ಕೇಳಬೇಕಾದವರು ನಾವೇ.